ಹಳ್ಳಿಗಾಡಿನ ಗಾಳಿ ಮತ್ತು ಮಳೆಯಲ್ಲಿನ ಲೋಹಗಳ ಮಾಪನವನ್ನು ಕೈಬಿಡಬೇಡಿ: ವಾಯುಗುಣಮಟ್ಟದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಾಯುಗುಣಮಟ್ಟದ ಮಾಪನ ಜಾಲದಲ್ಲಿ ಯಾವ ಕೇಂದ್ರ ಮುಂದುವರಿಯಬೇಕು, ಯಾವುದನ್ನು ಮುಚ್ಚಬೇಕು, ಯಾವುದಕ್ಕೆ ಎಷ್ಟು ಹಣ ಒದಗಿಸಬೇಕು ಎಂಬುದನ್ನು ತೀರ್ಮಾನಿಸುವವರು ನೀವು. ಖರ್ಚು ತಗ್ಗಿಸುವ ಮಾತು ಬಂದಾಗ ನಗರಗಳಿಂದ ದೂರವಿರುವ ಕೇಂದ್ರಗಳ ಮೇಲೆಯೇ ಮೊದಲು ಕಣ್ಣು ಬೀಳುವುದು ಸಹಜ. ಆ ಕೇಂದ್ರಗಳಲ್ಲಿಯೂ, ಗಾಳಿಯ ದೂಳಿನಲ್ಲಿ ಮತ್ತು ಮಳೆನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಸೀಸ, ಕ್ಯಾಡ್ಮಿಯಂ, ನಿಕಲ್, ತಾಮ್ರ, ಸತು, ಪಾದರಸ ಮತ್ತು ಅರೆಲೋಹವಾದ ಆರ್ಸೆನಿಕ್ ಇವುಗಳನ್ನು ಅಳೆಯುವ ಕೆಲಸ ಸುಲಭವಾಗಿ ಕತ್ತರಿಗೆ ಸಿಗುತ್ತದೆ. ಅಲ್ಲಿ ಜನ ಕಡಿಮೆ, ಅಂಕಿಗಳು ಮಿತಿಗಿಂತ ಎಷ್ಟೋ ಕೆಳಗಿವೆ, ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುತ್ತಿಲ್ಲ ಎಂಬ ಕಾರಣಗಳು ಟಿಪ್ಪಣಿಯಲ್ಲಿ ಬರುತ್ತವೆ. ಇಂಥ ಮಾದರಿಗಳನ್ನು ಪ್ರಯೋಗಾಲಯದಲ್ಲಿ ವಿಶ್ಲೇಷಿಸುವ ಕೆಲಸದಲ್ಲಿರುವವನಾಗಿ ನಾನು ಈ ಕಾರಣಗಳನ್ನು ಒಪ್ಪಲಾರೆ. ಗಾಳಿ ಮತ್ತು ಮಳೆ ಎರಡನ್ನೂ ಒಂದೇ ಸ್ಥಳದಲ್ಲಿ, ಒಟ್ಟಿಗೆ, ದಶಕಗಳ ಕಾಲ ಬಿಡದೆ ಅಳೆಯಬೇಕೆಂಬುದು ನನ್ನ ಕೋರಿಕೆ. ಅದಕ್ಕೆ ಕಾರಣಗಳನ್ನು ವಿವರವಾಗಿ ಹೇಳಲು ಅನುಮತಿ ಕೊಡಿ.

ಮೊದಲು ಮಿತಿಗಳ ಮಾತನ್ನೇ ನೋಡೋಣ. ಯೂರೋಪಿಯನ್ ಒಕ್ಕೂಟವು 2004ರ ತನ್ನ ನಿರ್ದೇಶನದಲ್ಲಿ ವಾರ್ಷಿಕ ಸರಾಸರಿಯಾಗಿ ಒಂದು ಘನಮೀಟರ್ ಗಾಳಿಯಲ್ಲಿ ಆರ್ಸೆನಿಕ್‌ಗೆ 6, ಕ್ಯಾಡ್ಮಿಯಂಗೆ 5, ನಿಕಲ್‌ಗೆ 20 ನ್ಯಾನೊಗ್ರಾಂ ಎಂಬ ಗುರಿಗಳನ್ನು ನಿಗದಿಪಡಿಸಿತು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ. ಸೀಸಕ್ಕೆ ಅಲ್ಲಿನ ವಾರ್ಷಿಕ ಮಿತಿ 0.5 ಮೈಕ್ರೊಗ್ರಾಂ, ಅಂದರೆ 500 ನ್ಯಾನೊಗ್ರಾಂ. ಭಾರತದ 2009ರ ಮಾನಕಗಳೂ ಸೀಸ, ಆರ್ಸೆನಿಕ್, ನಿಕಲ್‌ಗಳಿಗೆ ಇದೇ ವಾರ್ಷಿಕ ಅಂಕಿಗಳನ್ನು ಇಟ್ಟುಕೊಂಡಿವೆ. ಅಮೆರಿಕವು 1978ರಲ್ಲಿ ಸೀಸಕ್ಕೆ 1.5 ಮೈಕ್ರೊಗ್ರಾಂ ಮಿತಿಯನ್ನು ಇಟ್ಟಿತ್ತು. 2008ರಲ್ಲಿ ಅದನ್ನು 0.15ಕ್ಕೆ ಇಳಿಸಿತು. ಮೂವತ್ತು ವರ್ಷಗಳಲ್ಲಿ ಮಿತಿಯೇ ಹತ್ತನೆಯ ಒಂದು ಭಾಗವಾಯಿತು. ರಕ್ತದಲ್ಲಿ ಸೀಸದ ಇಷ್ಟು ಪ್ರಮಾಣ ಅಪಾಯವಿಲ್ಲದ್ದು ಎಂದು ಹೇಳಬಹುದಾದ ಯಾವ ಮಟ್ಟವೂ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ನಿಲುವು. ಹೀಗಿರುವಾಗ, ಇಂದಿನ ಮಿತಿಗಿಂತ ಕೆಳಗಿದೆ ಎಂಬ ಒಂದೇ ಕಾರಣಕ್ಕೆ ಅಳತೆ ನಿಲ್ಲಿಸಿದರೆ, ನಾಳೆ ಮಿತಿ ಬದಲಾದಾಗ ಹೋಲಿಸಿ ನೋಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮಿತಿಯನ್ನು ಯಾವಾಗ ಬೇಕಾದರೂ ತಿದ್ದಬಹುದು, ಅಳೆಯದೆ ಬಿಟ್ಟ ವರ್ಷವನ್ನು ಮತ್ತೆ ಅಳೆಯಲಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಘನಮೀಟರಿಗೆ ಇಷ್ಟು ಎಂಬ ಮಿತಿಗಳೆಲ್ಲ ಬಹುಮಟ್ಟಿಗೆ ಉಸಿರಾಟವನ್ನು ಗಮನದಲ್ಲಿಟ್ಟುಕೊಂಡು ಮಾಡಿದವು. ಹಳ್ಳಿಗಾಡಿನಲ್ಲಿ ಲೋಹಗಳ ಕತೆ ಉಸಿರಿನಲ್ಲಿ ಮುಗಿಯುವುದಿಲ್ಲ, ಅದು ಮಣ್ಣು, ಬೆಳೆ, ಕೆರೆ ಮತ್ತು ಹೊಳೆಗಳಲ್ಲಿ ಮುಂದುವರಿಯುತ್ತದೆ. ಗಂಧಕದ ಡೈಆಕ್ಸೈಡ್ ಆಗಲಿ ಸಾರಜನಕದ ಆಕ್ಸೈಡುಗಳಾಗಲಿ ರಾಸಾಯನಿಕ ಕ್ರಿಯೆಗಳಿಗೆ ಒಳಗಾಗಿ ಬೇರೆ ವಸ್ತುಗಳಾಗುತ್ತವೆ. ಲೋಹ ಹಾಗಲ್ಲ, ಅದರ ರೂಪ ಬದಲಾಗಬಹುದು, ಅದು ಇಲ್ಲವಾಗುವುದಿಲ್ಲ. ಗಾಳಿಯಿಂದ ಇಳಿದ ಸೀಸವು ಮೇಲ್ಮಣ್ಣಿನ ಸಾವಯವ ಪದರವನ್ನು ಹಿಡಿದುಕೊಂಡು ನೂರಾರು ವರ್ಷ ಅಲ್ಲಿಯೇ ಕುಳಿತಿರಬಲ್ಲದು. ಕ್ಯಾಡ್ಮಿಯಂ ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ, ಅದರಲ್ಲೂ ಆಮ್ಲೀಯ ಮಣ್ಣಿನಲ್ಲಿ ಅದು ಬೇರಿನ ಮೂಲಕ ಸಸ್ಯದೊಳಕ್ಕೆ ಸುಲಭವಾಗಿ ಸೇರುತ್ತದೆ. ಮನುಷ್ಯನ ಮೂತ್ರಪಿಂಡದಲ್ಲಿ ಸೇರಿಕೊಂಡ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಹತ್ತರಿಂದ ಮೂವತ್ತು ವರ್ಷ ಬೇಕು. ಇಂಥ ವಸ್ತುವಿನ ವಿಚಾರದಲ್ಲಿ ಈ ವರ್ಷ ಗಾಳಿಯಲ್ಲಿ ಎಷ್ಟಿತ್ತು ಎಂಬುದರ ಜೊತೆಗೆ, ಇಷ್ಟು ವರ್ಷಗಳಲ್ಲಿ ನೆಲಕ್ಕೆ ಒಟ್ಟು ಎಷ್ಟು ಬಿತ್ತು ಎಂಬ ಲೆಕ್ಕವೂ ಬೇಕು. ಆ ಲೆಕ್ಕ ಮಳೆನೀರನ್ನು ಅಳೆಯದೆ ಸಿಗುವುದಿಲ್ಲ.

ಲೆಕ್ಕ ಹೇಗೆಂದು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಆದ್ದರಿಂದ ಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂಬ ಸಾಂದ್ರತೆಯನ್ನು ಮಿಲಿಮೀಟರ್‌ಗಳಲ್ಲಿರುವ ಮಳೆಯಿಂದ ಗುಣಿಸಿದರೆ, ಚದರ ಮೀಟರಿಗೆ ಇಷ್ಟು ಮೈಕ್ರೊಗ್ರಾಂ ಲೋಹ ಇಳಿಯಿತೆಂಬುದು ನೇರವಾಗಿ ಸಿಗುತ್ತದೆ. ಮಳೆನೀರಿನಲ್ಲಿ ಲೀಟರಿಗೆ 2 ಮೈಕ್ರೊಗ್ರಾಂ ಸೀಸವಿದೆ, ವರ್ಷಕ್ಕೆ 1000 ಮಿಲಿಮೀಟರ್ ಮಳೆಯಾಗುತ್ತದೆ ಎಂದಿಟ್ಟುಕೊಳ್ಳಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ 10 ಮೈಕ್ರೊಗ್ರಾಂ ಮಾರ್ಗಸೂಚಿಯ ಪಕ್ಕದಲ್ಲಿಟ್ಟರೆ ಇದು ಬಹಳ ಸಣ್ಣ ಅಂಕಿ. ಆದರೆ ಹೆಕ್ಟೇರಿಗೆ ವರ್ಷಕ್ಕೆ 20 ಗ್ರಾಂ ಸೀಸ ಬಿದ್ದಂತಾಯಿತು. ಐವತ್ತು ವರ್ಷಕ್ಕೆ ಒಂದು ಕಿಲೋ. ಬಿದ್ದದ್ದರಲ್ಲಿ ಬಹುಪಾಲು ಮೇಲ್ಪದರದಲ್ಲಿಯೇ ಉಳಿಯುತ್ತದೆ. ಇದರ ಮೇಲೆ, ಮಳೆಯಿಲ್ಲದ ದಿನಗಳಲ್ಲಿ ದೂಳಿನ ಜೊತೆ ಒಣಗಿದ ರೂಪದಲ್ಲೇ ಎಲೆ, ಹುಲ್ಲು, ಮಣ್ಣಿನ ಮೇಲೆ ಕೂರುವ ಲೋಹವನ್ನೂ ಸೇರಿಸಿಕೊಳ್ಳಬೇಕು.

ಸರಾಸರಿ ತೆಗೆಯುವಲ್ಲಿಯೂ ಎಚ್ಚರ ಬೇಕು. ದೀರ್ಘ ಒಣಹವೆಯ ನಂತರ ಬೀಳುವ ಮೊದಲ ಹನಿಗಳು ಗಾಳಿಯಲ್ಲಿ ತೇಲುತ್ತಿದ್ದ ದೂಳನ್ನೆಲ್ಲ ತೊಳೆದುಕೊಂಡು ಬರುವುದರಿಂದ ಅವುಗಳಲ್ಲಿ ಲೋಹದ ಸಾಂದ್ರತೆ ಹೆಚ್ಚು. ಮಳೆ ಹಿಡಿದ ಮೇಲೆ ನೀರು ತಿಳಿಯಾಗುತ್ತಾ ಹೋಗುತ್ತದೆ. ಒಂದು ವಾರ 2 ಮಿಲಿಮೀಟರ್ ಮಳೆಯಾಗಿ ಅದರಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ಸೀಸವಿತ್ತು, ಮುಂದಿನ ವಾರ 60 ಮಿಲಿಮೀಟರ್ ಮಳೆಯಾಗಿ ಅದರಲ್ಲಿ 1 ಮೈಕ್ರೊಗ್ರಾಂ ಇತ್ತು ಎಂದು ಭಾವಿಸಿ. ಎರಡು ಸಾಂದ್ರತೆಗಳನ್ನು ಕೂಡಿಸಿ ಅರ್ಧ ಮಾಡಿದರೆ 5.5 ಬರುತ್ತದೆ. ಅದನ್ನು ಒಟ್ಟು ಮಳೆಯಿಂದ ಗುಣಿಸಿದವರು ಚದರ ಮೀಟರಿಗೆ 341 ಮೈಕ್ರೊಗ್ರಾಂ ಇಳಿಯಿತೆನ್ನುತ್ತಾರೆ. ನಿಜವಾಗಿ ಇಳಿದದ್ದು ಮೊದಲ ವಾರ 20, ಎರಡನೆಯ ವಾರ 60, ಒಟ್ಟು 80. ಮಳೆಯ ಪ್ರಮಾಣಕ್ಕೆ ತಕ್ಕ ತೂಕ ಕೊಟ್ಟು ತೆಗೆದ ಸರಾಸರಿ ಲೀಟರಿಗೆ ಸುಮಾರು 1.3 ಮಾತ್ರ. ನಾಲ್ಕು ಪಟ್ಟಿಗೂ ಮೀರಿದ ಈ ವ್ಯತ್ಯಾಸ ಉಪಕರಣದ ದೋಷದಿಂದ ಬಂದದ್ದಲ್ಲ, ಬರೀ ಗಣಿತದ ಅಜಾಗ್ರತೆಯಿಂದ ಬಂದದ್ದು. ಇದೇ ಕಾರಣಕ್ಕೆ ಪ್ರತಿ ಕೇಂದ್ರದಲ್ಲಿ ಲೋಹ ಅಳೆಯಲು ಮಳೆನೀರು ಹಿಡಿಯುವ ಸಂಗ್ರಾಹಕದ ಪಕ್ಕದಲ್ಲೇ ಒಂದು ಪ್ರತ್ಯೇಕ ಮಳೆಮಾಪಕ ಇರಲೇಬೇಕೆಂದು ಕೋರುತ್ತೇನೆ. ಸಂಗ್ರಾಹಕದ ಬಾಟಲಿಯಲ್ಲಿ ನಿಂತ ನೀರಿನಿಂದ ಮಳೆಯನ್ನು ಅಂದಾಜು ಮಾಡುವುದು ಸಾಲದು. ಗಾಳಿಗೆ ಹನಿ ಪಕ್ಕಕ್ಕೆ ಹಾರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ, ಜೋರು ಮಳೆಯಲ್ಲಿ ಬಾಟಲಿ ತುಂಬಿ ಹೊರಚೆಲ್ಲುತ್ತದೆ.

ಗಾಳಿಯನ್ನು ಅಳೆಯುತ್ತಿದ್ದೇವಲ್ಲ, ಮಳೆ ಏಕೆ ಎಂದು ಕೆಲವರು ಕೇಳುತ್ತಾರೆ. ಮಳೆಯನ್ನು ಅಳೆಯುವಲ್ಲಿ ಇದೇ ಪ್ರಶ್ನೆ ತಿರುಗಿ ಬರುತ್ತದೆ. ಗಾಳಿಯ ಮಾದರಿ ತೆಗೆಯುವ ಯಂತ್ರದ ಬಾಯಿ ನೆಲದಿಂದ ಹೆಚ್ಚೆಂದರೆ ಕೆಲವು ಮೀಟರ್ ಎತ್ತರದಲ್ಲಿರುತ್ತದೆ. ಅದು ಹೇಳುವುದು ಆ ಎತ್ತರದ ಗಾಳಿಯ ವಿಷಯ. ಮಳೆಯ ಹನಿ ರೂಪುಗೊಳ್ಳುವುದು ಅದಕ್ಕಿಂತ ನೂರಾರು, ಸಾವಿರಾರು ಮೀಟರ್ ಮೇಲೆ, ಅದೂ ಸೂಕ್ಷ್ಮ ಕಣಗಳ ಸುತ್ತಲೇ. ಕೆಳಗಿಳಿಯುವಾಗ ದಾರಿಯಲ್ಲಿ ಸಿಕ್ಕ ಕಣಗಳನ್ನೂ ಅದು ಬಾಚಿಕೊಳ್ಳುತ್ತದೆ. ಹಾಗಾಗಿ ಮಳೆ ಇಡೀ ವಾಯುಸ್ತಂಭದ ಮಾಹಿತಿಯನ್ನು ಕೆಳಗೆ ತರುತ್ತದೆ. ಒಂದು ಮೈಕ್ರೊಮೀಟರಿಗಿಂತ ಸಣ್ಣ ಕಣಗಳು ಹಲವು ದಿನ ಗಾಳಿಯಲ್ಲಿ ತೇಲುತ್ತಾ ಸಾವಿರ ಕಿಲೋಮೀಟರಿಗೂ ಮೀರಿ ಸಾಗಬಲ್ಲವು. ಕರಗುಕುಲುಮೆ, ಕಲ್ಲಿದ್ದಲು ಸ್ಥಾವರ, ಕಸ ಸುಡುವ ಘಟಕಗಳಂಥ ಹೆಚ್ಚಿನ ಉಷ್ಣತೆಯ ಮೂಲಗಳಿಂದ ಹೊರಡುವ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳು ಬಹುಪಾಲು ಇಂಥ ಸೂಕ್ಷ್ಮ ಕಣಗಳ ಮೇಲೆಯೇ ಸವಾರಿ ಮಾಡುತ್ತವೆ. ಎರಡೂ ಅಳತೆಗಳನ್ನು ಒಂದೇ ಕಡೆ ಇಟ್ಟಾಗ ಮಾತ್ರ ಗಾಳಿಯಲ್ಲಿರುವುದರಲ್ಲಿ ಎಷ್ಟು ಪಾಲನ್ನು ಮಳೆ ತೊಳೆದು ಕೆಳಗಿಳಿಸುತ್ತದೆ ಎಂಬ ಅನುಪಾತ ತಿಳಿಯುತ್ತದೆ, ಅಳತೆಯಿಲ್ಲದ ಕಡೆಗಳಿಗೂ ಅದನ್ನು ಅನ್ವಯಿಸಲು ದಾರಿಯಾಗುತ್ತದೆ. 2004ರ ಯೂರೋಪಿಯನ್ ನಿರ್ದೇಶನ ಪ್ರತಿ ಒಂದು ಲಕ್ಷ ಚದರ ಕಿಲೋಮೀಟರಿಗೆ ಮಾಲಿನ್ಯದ ನೇರ ಮೂಲಗಳಿಂದ ದೂರವಿರುವ ಒಂದು ಹಿನ್ನೆಲೆ ಕೇಂದ್ರವಿರಬೇಕೆಂದು ಹೇಳಿದಾಗ, ಗಾಳಿಯಲ್ಲಿನ ಸಾಂದ್ರತೆಯ ಜೊತೆಗೆ ನೆಲಕ್ಕಿಳಿಯುವ ಒಟ್ಟು ಪ್ರಮಾಣವನ್ನೂ ಅಳೆಯಬೇಕೆಂದು ಸೇರಿಸಿದ್ದು ಸರಿಯಾದ ನಿರ್ಧಾರ. ನನ್ನ ಅಭಿಪ್ರಾಯದಲ್ಲಿ ಲಕ್ಷ ಚದರ ಕಿಲೋಮೀಟರಿಗೆ ಒಂದು ಎಂಬುದು ಕನಿಷ್ಠಕ್ಕೂ ಕನಿಷ್ಠ.

ಈ ಕೆಲಸ ಕೈಯಿಂದ ಹೇಗೆ ನಡೆಯುತ್ತದೆಂಬುದನ್ನು ಅಧಿಕಾರದ ಮೇಜಿನವರೆಗೆ ಯಾರೂ ತಲುಪಿಸುವುದಿಲ್ಲವೆಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಸ್ವಲ್ಪ ವಿವರ ಕೊಡುತ್ತೇನೆ. ಪಾದರಸವನ್ನು ಬಿಟ್ಟು ಉಳಿದ ಲೋಹಗಳಿಗೆ ಮಳೆನೀರನ್ನು ಹಿಡಿಯುವುದು ಪ್ಲಾಸ್ಟಿಕ್ಕಿನ ಆಲಿಕೆ ಮತ್ತು ಬಾಟಲಿಯಲ್ಲಿ. ಆ ಬಾಟಲಿಯನ್ನು ನೈಟ್ರಿಕ್ ಆಮ್ಲದಲ್ಲಿ ದಿನಗಟ್ಟಲೆ ನೆನೆಸಿ, ಅತಿಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಎರಡು ಚೀಲಗಳೊಳಗೆ ಮುಚ್ಚಿ ಕೇಂದ್ರಕ್ಕೆ ಕಳಿಸುತ್ತಾರೆ. ಬಾಟಲಿ ಬದಲಿಸುವ ವ್ಯಕ್ತಿ ಪುಡಿ ಹಚ್ಚದ ಕೈಗವಸು ತೊಟ್ಟು, ಗಾಳಿಗೆ ಎದುರಾಗಿ ನಿಂತು, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ಬದಲಿಸಬೇಕು. ಸಂಗ್ರಾಹಕದ ಸುತ್ತ ಸತು ಲೇಪಿಸಿದ ತಂತಿಬೇಲಿ ಹಾಕಿದರೆ ಸತುವಿನ ಅಂಕಿಯನ್ನು ಮರೆತುಬಿಡಬೇಕು. ಸ್ಟೇನ್‌ಲೆಸ್ ಸ್ಟೀಲಿನ ಭಾಗವೊಂದು ನೀರಿಗೆ ತಾಗಿದರೆ ಕ್ರೋಮಿಯಂ ಮತ್ತು ನಿಕಲ್‌ಗಳ ಮೇಲೆ ಅನುಮಾನ ಬರುತ್ತದೆ. ಆಲಿಕೆಯ ಅಂಚಿನಲ್ಲಿ ಹಕ್ಕಿ ಕುಳಿತು ಹಿಕ್ಕೆ ಹಾಕಿದರೆ ಇಡೀ ವಾರದ ಮಾದರಿ ಕೆಡುತ್ತದೆ, ಅದಕ್ಕಾಗಿ ಸುತ್ತಲೂ ಚೂಪಾದ ಪ್ಲಾಸ್ಟಿಕ್ ಕಡ್ಡಿಗಳ ಬಳೆ ಇಡುತ್ತಾರೆ. ಮಳೆ ಬಂದಾಗ ಮಾತ್ರ ಮುಚ್ಚಳ ತೆರೆದುಕೊಳ್ಳುವ ಸಂಗ್ರಾಹಕಗಳೂ ಇವೆ. ಅವು ಒಣ ದೂಳನ್ನು ದೂರವಿಡುತ್ತವೆ, ಆದರೆ ಅವಕ್ಕೆ ವಿದ್ಯುತ್ ಬೇಕು, ತುಂತುರು ಮಳೆಯನ್ನು ಅವುಗಳ ಸಂವೇದಕ ಕೆಲವೊಮ್ಮೆ ಗುರುತಿಸುವುದಿಲ್ಲ. ಸದಾ ತೆರೆದಿರುವ ಸಂಗ್ರಾಹಕ ಸರಳ, ಗಟ್ಟಿಮುಟ್ಟು. ಅದು ಮಳೆಯ ಜೊತೆ ಬಿದ್ದ ಒಣ ದೂಳಿನ ಒಂದಷ್ಟು ಭಾಗವನ್ನೂ ಸೇರಿಸಿ ಹೇಳುತ್ತದೆ. ಯಾವುದನ್ನು ಬೇಕಾದರೂ ಆರಿಸಿ, ಆದರೆ ನಡುವೆ ಬದಲಿಸುವುದಾದರೆ ಹಳೆಯದು ಮತ್ತು ಹೊಸದು ಕನಿಷ್ಠ ಒಂದು ವರ್ಷ ಪಕ್ಕಪಕ್ಕದಲ್ಲಿ ನಡೆಯಲಿ. ಇಲ್ಲದಿದ್ದರೆ ಅಂಕಿ ಇಳಿದಾಗ ಇಳಿದದ್ದು ಮಾಲಿನ್ಯವೋ ಉಪಕರಣವೋ ಎಂದು ಮುಂದೆ ಯಾರೂ ಹೇಳಲಾರರು.

ಗಾಳಿಯ ಮಾದರಿಯ ಕಷ್ಟವೂ ಇದೇ ಬಗೆಯದು. ಯೂರೋಪಿನಲ್ಲಿ ಬಳಕೆಯಲ್ಲಿರುವ ಮಾನಕ ಯಂತ್ರವು ಗಂಟೆಗೆ 2.3 ಘನಮೀಟರ್ ಗಾಳಿಯನ್ನು ಒಂದು ಫಿಲ್ಟರಿನ ಮೂಲಕ ಎಳೆಯುತ್ತದೆ. ದಿನಕ್ಕೆ ಸುಮಾರು 55 ಘನಮೀಟರ್. ಗಾಳಿಯಲ್ಲಿ ಘನಮೀಟರಿಗೆ 0.2 ನ್ಯಾನೊಗ್ರಾಂ ಕ್ಯಾಡ್ಮಿಯಂ ಇದ್ದರೆ ದಿನದ ಫಿಲ್ಟರಿನ ಮೇಲೆ ಸಿಗುವುದು ಕೇವಲ 11 ನ್ಯಾನೊಗ್ರಾಂ. ಬಳಸದ ಫಿಲ್ಟರಿನಲ್ಲೇ, ಆಮ್ಲದಲ್ಲೇ, ಪಾತ್ರೆಯಲ್ಲೇ ಒಂದೆರಡು ನ್ಯಾನೊಗ್ರಾಂ ಇದ್ದರೆ ಏನು ಗತಿ? ಅದಕ್ಕಾಗಿಯೇ ಕೇಂದ್ರಕ್ಕೆ ಹೋಗಿ ಯಂತ್ರದಲ್ಲಿ ಕೂತು ಗಾಳಿ ಎಳೆಯದೆ ವಾಪಸು ಬಂದ ಫಿಲ್ಟರುಗಳನ್ನೂ ಉಳಿದವುಗಳ ಹಾಗೆಯೇ ಕರಗಿಸಿ ಅಳೆಯುತ್ತೇವೆ. ಈ ಖಾಲಿ ಮಾದರಿಗಳಿಗೆ ಖರ್ಚೇಕೆ ಎಂದು ಲೆಕ್ಕಪತ್ರದವರು ಕೇಳುವುದುಂಟು. ಹಳ್ಳಿಗಾಡಿನ ಅಳತೆಯಲ್ಲಿ ಖಾಲಿ ಮಾದರಿಯಿಲ್ಲದ ಅಂಕಿಗೆ ಬೆಲೆಯೇ ಇಲ್ಲ ಎಂಬುದು ನನ್ನ ಉತ್ತರ. ಫಿಲ್ಟರನ್ನು ಆಮ್ಲದಲ್ಲಿ ಕರಗಿಸಿದ ದ್ರಾವಣವನ್ನು ಆರ್ಗಾನ್ ಅನಿಲದ ಪ್ಲಾಸ್ಮಾದೊಳಕ್ಕೆ ಸಿಂಪಡಿಸಿ, ಅಯಾನುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಐಸಿಪಿ-ಎಂಎಸ್ ಉಪಕರಣ ಅಸಾಧಾರಣ ಸೂಕ್ಷ್ಮದ್ದು. ಆದರೆ ಅದು ತಾನಾಗಿ ಸತ್ಯ ಹೇಳುವುದಿಲ್ಲ. ಆರ್ಸೆನಿಕ್‌ನ ದ್ರವ್ಯರಾಶಿ ಸಂಖ್ಯೆ 75. ಆರ್ಗಾನ್ 40 ಮತ್ತು ಕ್ಲೋರಿನ್ 35 ಪ್ಲಾಸ್ಮಾದಲ್ಲಿ ಕೂಡಿಕೊಂಡರೆ ಅದೂ 75. ಸಮುದ್ರದ ಉಪ್ಪು ಬೆರೆತ ಕರಾವಳಿಯ ಮಳೆನೀರಿನಲ್ಲಿ, ಈ ಕೂಟವನ್ನು ಒಡೆಯುವ ಏರ್ಪಾಡಿಲ್ಲದೆ ಅಳೆದರೆ, ಇಲ್ಲದ ಆರ್ಸೆನಿಕ್ ಇದೆಯೆಂದು ವರದಿಯಾಗುತ್ತದೆ. ಇಂಥದ್ದನ್ನು ಹಿಡಿಯಬಲ್ಲ ಅನುಭವಿ ವಿಶ್ಲೇಷಕರನ್ನು ಗುತ್ತಿಗೆಯ ಕೊನೆಗೊಮ್ಮೆ ಬದಲಾಯಿಸುತ್ತಾ ಹೋಗುವುದು ಉಳಿತಾಯವಲ್ಲ.

ಈ ಎಚ್ಚರ ಎಷ್ಟು ದೊಡ್ಡ ಫಲ ಕೊಡಬಲ್ಲದು ಎಂಬುದಕ್ಕೆ ಕ್ಲೇರ್ ಪ್ಯಾಟರ್‌ಸನ್ ಅವರ ಕೆಲಸಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಉಲ್ಕಾಶಿಲೆಗಳಲ್ಲಿನ ಸೀಸದ ಐಸೊಟೋಪುಗಳನ್ನು, ಅಂದರೆ ತೂಕ ಮಾತ್ರ ಬೇರೆಯಾದ ಸೀಸದ ಪರಮಾಣುಗಳನ್ನು, ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದ ಭೂರಸಾಯನಜ್ಞ ಅವರು. ಆ ಅಳತೆಯ ಹಾದಿಯಲ್ಲಿ ಅವರಿಗೆ ಎದುರಾದ ದೊಡ್ಡ ಅಡ್ಡಿಯೆಂದರೆ ಪ್ರಯೋಗಾಲಯದ ಗಾಳಿ, ನೀರು, ಗಾಜು, ಆಮ್ಲ ಎಲ್ಲದರಲ್ಲೂ ತುಂಬಿದ್ದ ಸೀಸ. ಅದನ್ನು ಹೊರಗಿಡಲು ಅವರು ಅತಿಶುದ್ಧ ಕೋಣೆಯನ್ನೇ ಕಟ್ಟಿದರು, ಆಮೇಲೆ ಇಷ್ಟೊಂದು ಸೀಸ ಎಲ್ಲಿಂದ ಬಂತೆಂದು ಹುಡುಕಲು ಹೊರಟರು. 1969ರಲ್ಲಿ ಮುರೊಝುಮಿ ಮತ್ತು ಚೌ ಅವರ ಜೊತೆ ಪ್ರಕಟಿಸಿದ ಗ್ರೀನ್‌ಲ್ಯಾಂಡ್ ಹಿಮದ ಅಧ್ಯಯನ, ಪ್ರಾಚೀನ ಹಿಮಪದರಗಳಿಗೆ ಹೋಲಿಸಿದರೆ 1960ರ ದಶಕದ ಹಿಮದಲ್ಲಿ ಸೀಸ ಸುಮಾರು 200 ಪಟ್ಟು ಏರಿದೆಯೆಂದು ತೋರಿಸಿತು. ಅನೇಕ ದೇಶಗಳು ಸೀಸಬೆರೆತ ಪೆಟ್ರೋಲನ್ನು ಕಡಿಮೆ ಮಾಡಿದ ಮೇಲೆ, ಅದೇ ಗ್ರೀನ್‌ಲ್ಯಾಂಡಿನ ಹಿಮದಲ್ಲಿ 1960ರ ದಶಕದ ಕೊನೆಯ ಮಟ್ಟಕ್ಕಿಂತ ಸೀಸ ಏಳು ಪಟ್ಟಿಗೂ ಹೆಚ್ಚು ಇಳಿದಿದೆ ಎಂಬುದು 1991ರಲ್ಲಿ ಪ್ರಕಟವಾಯಿತು. ವಾಹನಗಳಿಗೆ ಸೀಸಬೆರೆತ ಪೆಟ್ರೋಲ್ ಮಾರಾಟ ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ, ಅಲ್ಜೀರಿಯದಲ್ಲಿ ಅದು ಕೊನೆಗೊಂಡಾಗ. ಇಡೀ ಗೋಲಾರ್ಧದ ಗಾಳಿ ಕೆಟ್ಟಿದ್ದನ್ನೂ ಅದು ಸುಧಾರಿಸಿದ್ದನ್ನೂ ನಿಸ್ಸಂದೇಹವಾಗಿ ತೋರಿಸಿದ್ದು ಯಾವ ಕಾರ್ಖಾನೆಯೂ ಯಾವ ಹೆದ್ದಾರಿಯೂ ಇಲ್ಲದ, ಅಂಕಿಗಳು ಅತ್ಯಂತ ಸಣ್ಣವಾಗಿದ್ದ ಸ್ಥಳ. ನಗರದ ಅಡ್ಡರಸ್ತೆಯ ಕೇಂದ್ರವು ಪಕ್ಕದಲ್ಲಿ ಹಾದುಹೋಗುವ ವಾಹನದ ಬ್ರೇಕಿನ ದೂಳನ್ನು ಅಳೆಯುತ್ತದೆ, ಅದೂ ಬೇಕಾದದ್ದೇ. ಆದರೆ ದೂರದಿಂದ ಎಷ್ಟು ಬಂತು, ಒಟ್ಟಾರೆ ಹಿನ್ನೆಲೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ಅಂಕಿಗಳು ಚಿಕ್ಕವಾದಷ್ಟೂ ಅವುಗಳನ್ನು ದಾಖಲಿಸುವ ರೀತಿ ಮುಖ್ಯವಾಗುತ್ತದೆ. ಪತ್ತೆಮಿತಿಗಿಂತ, ಅಂದರೆ ಉಪಕರಣ ನಂಬಿಕೆಯಿಂದ ಗುರುತಿಸಬಲ್ಲ ಕನಿಷ್ಠ ಪ್ರಮಾಣಕ್ಕಿಂತ, ಕೆಳಗಿರುವ ಫಲಿತಾಂಶವನ್ನು ಸೊನ್ನೆಯೆಂದೋ ಮಿತಿಯ ಅರ್ಧವೆಂದೋ ಬರೆದು, ನಿಜವಾದ ಓದನ್ನು ಅಳಿಸಿಬಿಡುವ ರೂಢಿ ಹಲವೆಡೆ ಇದೆ. ಹೀಗೆ ಮಾಡಿದ ದತ್ತಾಂಶದಲ್ಲಿ ಉಪಕರಣ ಸುಧಾರಿಸಿ ಪತ್ತೆಮಿತಿ ಇಳಿದಾಗ, ಮಾಲಿನ್ಯವೇ ಬದಲಾದಂತೆ ಕಾಣುತ್ತದೆ. ಖಾಲಿ ಮಾದರಿಯ ಮೌಲ್ಯವನ್ನು ಕಳೆದ ಮೇಲೆ ಉಳಿದ ಅಂಕಿಯನ್ನು, ಅದು ಋಣವಾಗಿದ್ದರೂ ಸರಿ, ಹಾಗೆಯೇ ಇಟ್ಟುಕೊಂಡು ಪಕ್ಕದಲ್ಲಿ ಪತ್ತೆಮಿತಿಯನ್ನೂ ಅನಿಶ್ಚಿತತೆಯನ್ನೂ ಬರೆಯಬೇಕು. ದೀರ್ಘಾವಧಿಯ ಸರಾಸರಿಗಳು ಸರಿಬರುವುದು ಆಗ ಮಾತ್ರ. ಹಾಗೆಯೇ, ಅಲ್ಯುಮಿನಿಯಂ ಅಥವಾ ಟೈಟೇನಿಯಂ ಅನ್ನು ಪ್ರತಿ ಮಾದರಿಯಲ್ಲೂ ಅಳೆಯಿಸಿ ಎಂದು ಕೇಳಿಕೊಳ್ಳುತ್ತೇನೆ. ಇವು ವಿಷಲೋಹಗಳಲ್ಲವಾದ್ದರಿಂದ ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಆದರೆ ಮಣ್ಣಿನ ದೂಳಿನಲ್ಲಿ ಲೋಹ ಮತ್ತು ಅಲ್ಯುಮಿನಿಯಂ ಯಾವ ಅನುಪಾತದಲ್ಲಿರುತ್ತವೆ ಎಂಬುದು ಗೊತ್ತಿರುವುದರಿಂದ, ಮಾದರಿಯಲ್ಲಿನ ಸೀಸವೋ ಸತುವೋ ನೆಲದಿಂದ ಎದ್ದ ಮಣ್ಣಿನದೇ, ಹೊಗೆಯದೇ ಎಂದು ಬೇರ್ಪಡಿಸಲು ಇರುವ ಸರಳ ದಾರಿ ಇದೇ. ಹಳೆಯ ಮಾಲಿನ್ಯವನ್ನು ಹೊತ್ತ ಮೇಲ್ಮಣ್ಣು ಗಾಳಿಗೆ ಮತ್ತೆ ಮತ್ತೆ ಏಳುವ ಪ್ರದೇಶಗಳಲ್ಲಂತೂ ಇದು ಅನಿವಾರ್ಯ.

ಉಪಗ್ರಹ, ಗಣಕ ಮಾದರಿ, ಅಗ್ಗದ ಸಂವೇದಕಗಳಿರುವಾಗ ಈ ಬಾಟಲಿ, ಫಿಲ್ಟರುಗಳೇಕೆ ಎಂಬ ವಾದಕ್ಕೆ ಬರುತ್ತೇನೆ. ಅಗ್ಗದ ಸಂವೇದಕ ಕಣಗಳು ಚದುರಿಸುವ ಬೆಳಕನ್ನು ಎಣಿಸುತ್ತದೆ. ಕಣದಲ್ಲಿ ಸೀಸವಿದೆಯೋ ಉಪ್ಪಿದೆಯೋ ಅದಕ್ಕೆ ತಿಳಿಯದು. ಉಪಗ್ರಹವೂ ನ್ಯಾನೊಗ್ರಾಂ ಲೆಕ್ಕದ ಕ್ಯಾಡ್ಮಿಯಂ ಅನ್ನು ಕಾಣಲಾರದು. ಗಣಕ ಮಾದರಿಗಳ ಮಾತು ಬೇರೆ, ಅವು ಬಹಳ ಉಪಯುಕ್ತ. ಗಡಿ ದಾಟುವ ವಾಯುಮಾಲಿನ್ಯದ 1979ರ ಒಪ್ಪಂದದಡಿ ನಡೆಯುವ ಇಎಂಇಪಿ ಕಾರ್ಯಕ್ರಮವು ಯೂರೋಪಿನಲ್ಲಿ ಯಾವ ದೇಶದ ಸೀಸ ಯಾವ ದೇಶದಲ್ಲಿ ಇಳಿಯುತ್ತದೆಂಬುದನ್ನು ಲೆಕ್ಕ ಹಾಕುವುದು ಗಣಕ ಮಾದರಿಗಳಿಂದಲೇ. ಆದರೆ ಗಣಕ ಮಾದರಿಗೆ ಊಡಿಸುವುದು ಸರ್ಕಾರಗಳು ಘೋಷಿಸಿದ ಹೊರಸೂಸುವಿಕೆಯ ಅಂಕಿಗಳನ್ನು. ಅಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಮಾದರಿಗೆ ಅದು ಗೊತ್ತಾಗುವ ದಾರಿಯಿಲ್ಲ, ಮಳೆಯ ಬಾಟಲಿಗೆ ಗೊತ್ತಾಗುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸಗಳ ಬಗ್ಗೆ 1998ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಸಹಿಯಾದ ಉಪ-ಒಪ್ಪಂದ (ಪ್ರೋಟೊಕಾಲ್) ಫಲಕಾರಿಯಾಗಿದೆಯೇ ಎಂದು ಪರೀಕ್ಷಿಸಲು ಘೋಷಿತ ಅಂಕಿಗಳನ್ನು ಘೋಷಿತ ಅಂಕಿಗಳಿಂದಲೇ ತಾಳೆ ನೋಡಿದರೆ ಆಗುವುದಿಲ್ಲ.

ಹಣ ತೀರಾ ಕಡಿಮೆಯಿದ್ದಲ್ಲಿ ನೆಲದ ಮೇಲೆ ಬೆಳೆಯುವ ಪಾಚಿ (ಮಾಸ್ ಎಂಬ ಸಣ್ಣ ಸಸ್ಯ) ಒಂದು ಒಳ್ಳೆಯ ನೆರವು. ನಿಜವಾದ ಬೇರಿಲ್ಲದ ಕೆಲವು ನೆಲಪಾಚಿಗಳು ತಮಗೆ ಬೇಕಾದುದನ್ನು ಬಹುಪಾಲು ಗಾಳಿ ಮತ್ತು ಮಳೆಯಿಂದಲೇ ಪಡೆಯುವುದರಿಂದ, ಅವುಗಳ ಎರಡು ಮೂರು ವರ್ಷದ ಬೆಳವಣಿಗೆಯನ್ನು ಕತ್ತರಿಸಿ ವಿಶ್ಲೇಷಿಸಿದರೆ ಆ ಅವಧಿಯಲ್ಲಿ ಇಳಿದ ಲೋಹಗಳ ಚಿತ್ರ ಸಿಗುತ್ತದೆ. ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಯಲ್ಲಿ ಹುಟ್ಟಿದ ಈ ವಿಧಾನದಿಂದ 1990ರಿಂದ ಐದು ವರ್ಷಕ್ಕೊಮ್ಮೆ ಯೂರೋಪಿನಾದ್ಯಂತ ಸಮೀಕ್ಷೆ ನಡೆಯುತ್ತಿದೆ. ಕೇಂದ್ರಗಳ ನಡುವಿನ ಖಾಲಿ ಜಾಗವನ್ನು ಇದು ತುಂಬಬಲ್ಲದು. ಚದರ ಮೀಟರಿಗೆ ಇಷ್ಟು ಎಂಬ ಅಂಕಿಗೆ ಅದನ್ನು ಪರಿವರ್ತಿಸಲು ಮತ್ತೆ ಕೆಲವೆಡೆಯಾದರೂ ಮಳೆಮಾಪನ ಇರಬೇಕು.

ಪಾದರಸಕ್ಕೆ ಏರ್ಪಾಡೇ ಬೇರೆ. ಅದು ಗಾಳಿಯಲ್ಲಿ ಹೆಚ್ಚಾಗಿ ಅನಿಲರೂಪದಲ್ಲಿರುತ್ತದೆ, ತಿಂಗಳುಗಟ್ಟಲೆ ಸುತ್ತುತ್ತದೆ. ಉತ್ತರ ಗೋಲಾರ್ಧದ ಹಿನ್ನೆಲೆ ಮಟ್ಟ ಘನಮೀಟರಿಗೆ ಸುಮಾರು 1.5 ನ್ಯಾನೊಗ್ರಾಂ. ಅದನ್ನು ಹಿಡಿಯಲು ಚಿನ್ನದ ಮೇಲ್ಮೈ ಬೇಕು, ಮಳೆನೀರಿಗೆ ಪ್ಲಾಸ್ಟಿಕ್ ಬಾಟಲಿಯ ಬದಲು ಗಾಜು ಅಥವಾ ಫ್ಲೋರೋಪಾಲಿಮರ್ (ಟೆಫ್ಲಾನಿನಂಥ ವಿಶೇಷ ಪ್ಲಾಸ್ಟಿಕ್) ಬೇಕು, ಏಕೆಂದರೆ ಸಾಧಾರಣ ಪ್ಲಾಸ್ಟಿಕ್ಕಿನ ಮೂಲಕ ಪಾದರಸದ ಆವಿ ಒಳಹೊರಗೆ ಹಾಯುತ್ತದೆ. ಕೆರೆಗೆ ಇಳಿದ ಪಾದರಸವನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿಸಿ ಮೀನಿಗೆ ಸೇರಿಸುತ್ತವೆ. ಪಾದರಸವನ್ನು ನಿಯಂತ್ರಿಸಲು 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ 22ನೆಯ ವಿಧಿಯು ಒಪ್ಪಂದದ ಪರಿಣಾಮವನ್ನು ಹೋಲಿಸಬಹುದಾದ ಮಾಪನ ದತ್ತಾಂಶದಿಂದ ಮೌಲ್ಯಮಾಪನ ಮಾಡಬೇಕೆನ್ನುತ್ತದೆ. ಸಹಿ ಹಾಕಿದ ದೇಶಗಳ ಅಧಿಕಾರಿಗಳಿಗೆ ಈ ವಿಧಿಯನ್ನು ನೆನಪಿಸಬೇಕಾದ ಅಗತ್ಯ ಇರಬಾರದಿತ್ತು.

ಉಳಿದದ್ದು ಮಾದರಿಗಳನ್ನು ಕಾಪಿಡುವ ವಿಚಾರ. ಇದನ್ನು ನಾನು ಬಹಳ ಮಹತ್ವದ್ದೆಂದು ಭಾವಿಸುತ್ತೇನೆ. ಫಿಲ್ಟರಿನ ಅರ್ಧವನ್ನು ಕರಗಿಸಿ ಉಳಿದರ್ಧವನ್ನು ಶುದ್ಧ ಲಕೋಟೆಯಲ್ಲಿ, ತಣ್ಣಗಿನ ಕತ್ತಲೆಯಲ್ಲಿ ಇಟ್ಟರೆ, ಇಂದು ಯಾರೂ ಕೇಳದ ಪ್ರಶ್ನೆಯನ್ನು ಇಪ್ಪತ್ತು ವರ್ಷದ ನಂತರ ಆ ತುಂಡಿಗೆ ಕೇಳಬಹುದು. ಬ್ರೇಕಿನ ಲೈನಿಂಗಿನಿಂದ ಬರುವ ಆಂಟಿಮನಿ, ವಾಹನಗಳ ವೇಗವರ್ಧಕ ಪರಿವರ್ತಕದಿಂದ ಬರುವ ಪ್ಲಾಟಿನಂ ಮತ್ತು ಪಲ್ಲೇಡಿಯಂ ಹಿಂದಿನ ಪಟ್ಟಿಗಳಲ್ಲಿ ಇರಲಿಲ್ಲ. ಬ್ಯಾಟರಿಗಳ ತಯಾರಿಕೆ ಮತ್ತು ಮರುಬಳಕೆ ಹೆಚ್ಚಿದಂತೆ ಕೋಬಾಲ್ಟ್, ಲಿಥಿಯಂಗಳ ವಿಚಾರ ಕೇಳುವ ಕಾಲ ದೂರವಿಲ್ಲ, ಹಳೆಯ ಸೀಸದ ಬ್ಯಾಟರಿಗಳನ್ನು ಬಯಲಲ್ಲಿ ಒಡೆದು ಕರಗಿಸುವ ಕಡೆಗಳಲ್ಲಿ ಸೀಸದ ಪ್ರಶ್ನೆಯೂ ಇನ್ನೂ ಹಳತಾಗಿಲ್ಲ. ಸೀಸದ 206 ಮತ್ತು 207 ಐಸೊಟೋಪುಗಳ ಅನುಪಾತ ಅದಿರಿನಿಂದ ಅದಿರಿಗೆ ಬದಲಾಗುವುದರಿಂದ, ಇಟ್ಟ ಮಾದರಿಯಿಂದ ಮೂಲವನ್ನು ಪತ್ತೆಹಚ್ಚಲೂ ಸಾಧ್ಯ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಹಳ್ಳಿಗಾಡಿನ ಯಾವುದೇ ಲೋಹಮಾಪನ ಕೇಂದ್ರವನ್ನು ಮುಚ್ಚುವ ಪ್ರಸ್ತಾಪ ಬಂದಾಗ, ಅಂಕಿಗಳು ಮಿತಿಯ ಕೆಳಗಿವೆ ಎಂಬುದನ್ನು ಕಾರಣವಾಗಿ ಸ್ವೀಕರಿಸಬೇಡಿ. ಖರ್ಚು ಇಳಿಸಲೇಬೇಕಿದ್ದರೆ ದಿನದ ಫಿಲ್ಟರುಗಳನ್ನು ವಾರಕ್ಕೋ ತಿಂಗಳಿಗೋ ಒಟ್ಟುಗೂಡಿಸಿ ವಿಶ್ಲೇಷಿಸಿ. ಮಳೆನೀರಿನ ಮಾದರಿಯನ್ನು ವಾರದ ಬದಲು ತಿಂಗಳಿಗೆ ವಿಸ್ತರಿಸಿ, ಆದರೆ ಗಾಳಿಯನ್ನು ಉಳಿಸಿಕೊಂಡು ಮಳೆಯನ್ನು ಬಿಡಬೇಡಿ, ಖಾಲಿ ಮಾದರಿಗಳನ್ನು ಕತ್ತರಿಸಬೇಡಿ. ಪ್ರತಿ ಕೇಂದ್ರದ ಎಲ್ಲ ಅಂಕಿಗಳನ್ನೂ ಪತ್ತೆಮಿತಿ, ಖಾಲಿ ಮಾದರಿ, ಮಳೆಯ ಪ್ರಮಾಣ ಮತ್ತು ಉಪಕರಣ ಬದಲಾದ ದಿನಾಂಕದ ಸಮೇತ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪ್ರಕಟಿಸಿ. ಬಾಟಲಿ ಬದಲಿಸುವ ಸ್ಥಳೀಯ ವ್ಯಕ್ತಿಗೆ ಸರಿಯಾದ ತರಬೇತಿಯನ್ನೂ ಗೌರವಯುತವಾದ ಸಂಬಳವನ್ನೂ ಕೊಡಿ; ಆ ಕೈ ತಪ್ಪಿದರೆ ಮುಂದಿನ ಯಾವ ಉಪಕರಣವೂ ಅದನ್ನು ಸರಿಪಡಿಸಲಾರದು. ಈಗಾಗಲೇ ಮುಚ್ಚಿರುವ ಕೇಂದ್ರಗಳ ಹಳೆಯ ಫಿಲ್ಟರುಗಳು, ಆಮ್ಲ ಬೆರೆಸಿಟ್ಟ ನೀರಿನ ಬಾಟಲಿಗಳು, ಕೈಬರಹದ ಕ್ಷೇತ್ರ ಪುಸ್ತಕಗಳು ಯಾವುದಾದರೂ ಉಗ್ರಾಣದಲ್ಲಿದ್ದರೆ, ಅವುಗಳನ್ನು ವಿಲೇವಾರಿ ಮಾಡುವ ಆದೇಶಕ್ಕೆ ಸಹಿ ಹಾಕುವ ಮೊದಲು ಒಬ್ಬ ವಿಶ್ಲೇಷಕರನ್ನು ಕರೆಸಿ ತೋರಿಸಿ.

ಇಂತಿ ತಮ್ಮ ವಿಶ್ವಾಸಿ,
ಗಾಳಿ ಮತ್ತು ಮಳೆನೀರಿನ ಲೋಹ ವಿಶ್ಲೇಷಣೆಯಲ್ಲಿ ತೊಡಗಿರುವ ಒಬ್ಬ ರಸಾಯನಜ್ಞ